ಎರೆನಾಡಿನ ಯೋಜನೆಗಳು ಮತ್ತು ಕೇಳುವವನ ಹೊಣೆ

ಒಂದು ದೊಡ್ಡ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲು, ಅದರಿಂದ ಲಾಭ ಪಡೆಯುವವರನ್ನೂ ನಷ್ಟಕ್ಕೆ ಒಳಗಾಗುವವರನ್ನೂ ಕಂಡು, ಅವರಿಗೆ ಏನು ಬೇಕು, ಯಾವುದು ಬೇಡ, ಯಾವ ಹೊರೆಯನ್ನು ಅವರು ಹೊರಲಾರರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವ ಹೊಣೆಯನ್ನು ಇಂದಿನ ಆಡಳಿತಶಾಸ್ತ್ರ ಯೋಜನಾ ವ್ಯವಸ್ಥಾಪಕನಿಗೆ ವಹಿಸುತ್ತದೆ. ಕೆಲಸದ ಒಳಿತುಕೆಡುಕಿನಲ್ಲಿ ಪಾಲಿರುವ ಇಂಥವರನ್ನು ಪಾಲುದಾರರೆಂದೂ, ಅವರಿಂದ ಪಡೆದ ಮಾತುಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ದಾಖಲೆಯನ್ನು ಅಗತ್ಯಪಟ್ಟಿಯೆಂದೂ ಕರೆಯಬಹುದು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಸೀಮೆಗಳಲ್ಲಿ ಕೆರೆ, ಭೂಮಾಪನ, ಕಾಲುವೆ, ಜಲಾನಯನ ಮುಂತಾದ ಕೆಲಸಗಳು ಒಂದರ ಹಿಂದೆ ಒಂದು ನಡೆದಿದ್ದರೂ, ಜನರನ್ನು ಕೇಳುವುದು ಪ್ರತ್ಯೇಕವಾದ ಮತ್ತು ಗೌರವದ ಒಂದು ಕೆಲಸವೆಂದು ಮನ್ನಣೆ ಪಡೆದದ್ದು ಕಳೆದ ನಾಲ್ಕೈದು ದಶಕಗಳಲ್ಲಿ ಮಾತ್ರ. ಅದಕ್ಕೆ ಮುನ್ನ ಜನರನ್ನು ಯಾರೂ ಕೇಳಿರಲಿಲ್ಲವೆಂದು ಇದರ ಅರ್ಥವಲ್ಲ. ಕೇಳುವವನಿಗೆ ಬೇರೊಂದು ಮುಖ್ಯ ಉದ್ಯೋಗವಿರುತ್ತಿತ್ತು, ಅವನ ಪ್ರಶ್ನೆಗಳು ಆ ಉದ್ಯೋಗಕ್ಕೆ ತಕ್ಕಂತೆ ಇರುತ್ತಿದ್ದವು ಎಂಬುದೇ ಈ ಚರಿತ್ರೆಯ ತಿರುಳು.

ಈ ನಾಲ್ಕು ಸೀಮೆಗಳ ಅಗತ್ಯಗಳು ಒಂದೇ ಆಗಿರಲು ಭೂಮಿಯೇ ಬಿಡುವುದಿಲ್ಲ. ನವಲಗುಂದ ಮತ್ತು ಅಣ್ಣಿಗೇರಿಗಳದು ಆಳವಾದ ಎರೆಭೂಮಿ, ಅಂದರೆ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬಿ ಅಂಟುವ, ಒಮ್ಮೆ ನೆನೆದರೆ ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುವ ಜೇಡಿ ತುಂಬಿದ ಕಪ್ಪು ಮಣ್ಣು. ಈ ಹಸಿಯ ಬಲದ ಮೇಲೆಯೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ ಮತ್ತು ಜಯಧರ ಹತ್ತಿ ಬೆಳೆದು ಬಂದವು. ಮಣ್ಣು ಇಷ್ಟು ಫಲವತ್ತಾಗಿದ್ದರೂ ಅದರಡಿಯ ಅಂತರ್ಜಲ ಬಹುಕಡೆ ಸವುಳಾಗಿರುವುದರಿಂದ ಬಾವಿಯ ನೀರು ಕುಡಿಯಲು ಒದಗದೆ, ಊರ ಮುಂದಿನ ಕೆರೆಯೇ ಬಾಯಾರಿಕೆಗೆ ಆಧಾರವಾಗಿತ್ತು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಮಳೆಗಾಲದಲ್ಲಿ ಉಕ್ಕಿ ಹೊಲಗಳ ಮೇಲೆ ಹಾಯುವ ಈ ಬಯಲಿನಲ್ಲಿ ಬೇಸಿಗೆ ಬಂದರೆ ಕೊಡ ನೀರಿಗೆ ಪರದಾಟವಿರುತ್ತಿತ್ತು. ಪಶ್ಚಿಮದ ಕಲಘಟಗಿಯಲ್ಲಿ ಮಳೆ ಬಹಳ ಹೆಚ್ಚು. ಅದು ಮಲೆನಾಡಿನ ಸೆರಗು, ಸಣ್ಣಪುಟ್ಟ ಕೆರೆಗಳ ಮತ್ತು ಕೂರಿಗೆಯಿಂದ ಬಿತ್ತುವ ಭತ್ತದ ಸೀಮೆ. ಅಲ್ಲಿಯ ಚಿಂತೆ ಹೂಳು, ಇಳಿಜಾರಿನಲ್ಲಿ ಕೊಚ್ಚಿಹೋಗುವ ಮಣ್ಣು ಮತ್ತು ಕಾಡಿನಂಚಿನ ಗಾಯರಾಣದ, ಅಂದರೆ ದನ ಮೇಯಿಸುವ ಸಾರ್ವಜನಿಕ ಭೂಮಿಯ, ಹಕ್ಕು. ಕುಂದಗೋಳವೂ ಬಹುಮಟ್ಟಿಗೆ ಎರೆಯೇ ಆದರೂ, ಅದು 1948ರವರೆಗೆ ಜಮಖಂಡಿ ಸಂಸ್ಥಾನದ ಭಾಗವಾಗಿದ್ದುದರಿಂದ ಅದರ ಆಡಳಿತದ ದಾರಿ ಸುತ್ತಲಿನ ಬ್ರಿಟಿಷ್ ತಾಲ್ಲೂಕುಗಳಿಗಿಂತ ಬೇರೆಯಾಗಿತ್ತು. ಒಂದು ಜಿಲ್ಲಾ ಕಚೇರಿಯಲ್ಲಿ ಕುಳಿತು ಒಂದೇ ನಕ್ಷೆಯಿಂದ ಈ ನಾಲ್ಕಕ್ಕೂ ಉತ್ತರ ಕೊಡಲು ಹೊರಟವರು ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಚಾಲುಕ್ಯರ ಕಾಲದಿಂದ ಈ ಭಾಗದ ಶಾಸನಗಳಲ್ಲಿ ಮಹಾಜನರು, ಐವತ್ತೊಕ್ಕಲು, ಅರುವತ್ತೊಕ್ಕಲು ಎಂಬ ಊರ ಸಭೆಗಳ ಹೆಸರುಗಳು ದತ್ತಿಗಳಿಗೆ ಸಾಕ್ಷಿಯಾಗಿ, ಅವುಗಳ ಪಾಲಕರಾಗಿ ಬರುತ್ತವೆ. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿಡುತ್ತಿದ್ದ ಭೂಮಿಯ ಆದಾಯಕ್ಕೆ ಬಿತ್ತುವಟ್ಟವೆಂಬ ಹೆಸರಿತ್ತು. ಕಾಲಾನಂತರದಲ್ಲಿ ಊರಿನ ಹಿರಿಯರ ಕೂಟವನ್ನು ಉತ್ತರ ಕರ್ನಾಟಕದ ಹಳ್ಳಿಗಳು ದೈವವೆಂದೇ ಕರೆದವು. ತಳವಾರ ಡಂಗುರ ಸಾರಿದ ಮೇಲೆ ಚಾವಡಿಯಲ್ಲಿ ದೈವ ಕೂಡಿ, ಕೆರೆಯ ಹೂಳು ಯಾವಾಗ ತೆಗೆಯಬೇಕು, ಮನೆಗೆ ಎಷ್ಟು ಆಳು ಬರಬೇಕು, ಎಷ್ಟು ಬಂಡಿ ಹೂಡಬೇಕು ಎಂಬುದನ್ನು ನಿರ್ಧರಿಸುತ್ತಿತ್ತು. ಕೆಲಸ ಮಾಡುವವನೂ ಅದರ ಫಲ ಉಣ್ಣುವವನೂ ಒಂದೇ ಊರಿನವರಾಗಿದ್ದುದು ಈ ಪದ್ಧತಿಯ ದೊಡ್ಡ ಬಲ, ಏಕೆಂದರೆ ಅಲ್ಲಿ ಅಗತ್ಯವನ್ನು ಹೊರಗಿನವನಿಗೆ ವಿವರಿಸುವ ಪ್ರಮೇಯವೇ ಇರಲಿಲ್ಲ. ಆದರೆ ಈ ಬಲವನ್ನು ಹೊಗಳುವಾಗ ಇನ್ನೊಂದು ಮಾತನ್ನು ಮುಚ್ಚಿಡಬಾರದು: ಚಾವಡಿಯ ಕಟ್ಟೆಯ ಮೇಲೆ ಕೂರುವ ಅಧಿಕಾರ ಗೌಡ, ಕುಲಕರ್ಣಿ ಮತ್ತು ಹೊಲವುಳ್ಳ ಮನೆತನಗಳ ಗಂಡಸರಿಗಿತ್ತು, ಕೆರೆಯಿಂದ ನೀರು ಹೊತ್ತು ತರುವ ಹೆಂಗಸರ ಮಾತೂ, ಕೆರೆಯ ದಂಡೆಗೆ ಬರಲು ಅಡ್ಡಿಯಿದ್ದ ದಲಿತ ಕೇರಿಯವರ ಮಾತೂ ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಹೊರಗಿನ ಸರ್ಕಾರ ಬಂದ ಮೇಲೆ ಹುಟ್ಟಿದ್ದಲ್ಲ, ಅದು ಊರೊಳಗೇ ಇತ್ತು.

ಹೊರಗಿನವನೊಬ್ಬ ಹೊಲಹೊಲಕ್ಕೆ ಹೋಗಿ ವ್ಯವಸ್ಥಿತವಾಗಿ ಪ್ರಶ್ನೆ ಕೇಳಿ ಬರೆದುಕೊಂಡ ಮೊದಲ ದೊಡ್ಡ ಪ್ರಸಂಗ 19ನೆಯ ಶತಮಾನದ ನಡುವಿನ ಮುಂಬಯಿ ಇಲಾಖೆಯ ಕಂದಾಯ ಸರ್ವೆ. ಧಾರವಾಡವನ್ನೊಳಗೊಂಡ ದಕ್ಷಿಣ ಮರಾಠಾ ಪ್ರದೇಶದ ಸರ್ವೆಯನ್ನು ನಡೆಸಿದ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿ, ಗೋಲ್ಡ್‌ಸ್ಮಿಡ್ ಮತ್ತು ಡೇವಿಡ್‌ಸನ್ ಎಂಬವರೊಡನೆ 1847ರಲ್ಲಿ ಸಲ್ಲಿಸಿದ ಜಂಟಿ ವರದಿ ಮುಂಬಯಿ ಪದ್ಧತಿಯ ಕಂದಾಯಕ್ಕೆ ಆಧಾರಗ್ರಂಥವಾಯಿತು. ಅದರ ಪ್ರಕಾರ ವರ್ಗೀಕರಣದ ಕಾರಕೂನ ಹೊಲದಲ್ಲಿ ಅಲ್ಲಲ್ಲಿ ಮಣ್ಣು ಅಗೆಸಿ, ಅದರ ಬಣ್ಣವನ್ನೂ ಆಳವನ್ನೂ ನೋಡಿ, ಮರಳು, ಸುಣ್ಣಕಲ್ಲು, ಇಳಿಜಾರು, ನೀರು ನಿಲ್ಲುವಿಕೆ ಮುಂತಾದ ದೋಷಗಳನ್ನು ಕಳೆದು, ಹದಿನಾರಾಣೆಯಿಂದ ಕೆಳಕ್ಕಿಳಿಯುವ ಒಂಬತ್ತು ದರ್ಜೆಗಳಲ್ಲಿ ಒಂದನ್ನು ಆ ಹೊಲಕ್ಕೆ ನಿಗದಿ ಮಾಡುತ್ತಿದ್ದನು. ಮಣ್ಣನ್ನು ಅಷ್ಟು ಸೂಕ್ಷ್ಮವಾಗಿ ಓದಿದ ಈ ಪದ್ಧತಿ ಒಕ್ಕಲಿಗನನ್ನು ಓದಲಿಲ್ಲ. ಪ್ರಶ್ನೆಗಳೆಲ್ಲವೂ ಭೂಮಿ ಎಷ್ಟು ಕಂದಾಯ ತಾಳಬಲ್ಲದು ಎಂಬುದರ ಸುತ್ತಲೇ ಇದ್ದು, ಭೂಮಿಯನ್ನು ನಂಬಿದವನಿಗೆ ಯಾವ ಸೌಕರ್ಯ ಬೇಕೆಂದು ಕೇಳುವ ಒಂದು ಅಂಕಣವೂ ಆ ಪುಸ್ತಕಗಳಲ್ಲಿ ಇರಲಿಲ್ಲ. ಆದರೂ ಆ ಸರ್ವೆ ಉಳಿಸಿಹೋದ ಒಂದು ವಸ್ತು ಮುಂದಿನ ಎಲ್ಲ ಯೋಜನೆಗಳ ಮೇಲೆ ತನ್ನ ನೆರಳು ಚಾಚಿತು, ಅದು ಸರ್ವೆ ನಂಬರು. ಮನುಷ್ಯ ಮತ್ತು ಮನೆತನಗಳಿಗಿಂತ ಸರ್ವೆ ನಂಬರನ್ನೇ ಮೂಲ ಘಟಕವಾಗಿ ಕಾಣುವ ರೂಢಿ ಸರ್ಕಾರಿ ಕಚೇರಿಯ ಕಣ್ಣಿಗೆ ಅಂಟಿಕೊಂಡು, ನೂರು ವರ್ಷಗಳ ಮೇಲೆ ಮಲಪ್ರಭೆಯ ಕಾಲುವೆ ಬಂದಾಗಲೂ ಹಾಗೆಯೇ ಮುಂದುವರಿಯಿತು.

ಮಲಪ್ರಭಾ ನದಿಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವಾಗ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಇಕ್ಕಟ್ಟಾದ ಕಣಿವೆಯಲ್ಲಿ ಅದಕ್ಕೆ ಅಣೆಕಟ್ಟನ್ನು ಕಟ್ಟಲಾಯಿತು. 1960ರ ದಶಕದಲ್ಲಿ ಆರಂಭವಾದ ಕೆಲಸ 1970ರ ದಶಕದ ಆರಂಭದಲ್ಲಿ ಒಂದು ಹಂತಕ್ಕೆ ಬಂದು, ಸುಮಾರು 37 ಟಿಎಂಸಿ ನೀರು ಹಿಡಿಯಬಲ್ಲ ರೇಣುಕಾಸಾಗರ ಜಲಾಶಯ ಮೈದಾಳಿತು. ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚಿನ ಭೂಮಿಗೆ ನೀರುಣಿಸುವ ಉದ್ದೇಶದ ಕಾಲುವೆಗಳು ಸವದತ್ತಿ, ರಾಮದುರ್ಗ, ನವಲಗುಂದ, ನರಗುಂದ, ರೋಣ ಮೊದಲಾದ ತಾಲ್ಲೂಕುಗಳ ಎರೆಬಯಲನ್ನು ಹೊಕ್ಕವು. ಬರಕ್ಕೆ ಹೆಸರಾದ ಈ ಸೀಮೆಯಲ್ಲಿ ಕಾಲುವೆಯ ಸುದ್ದಿ ಹುಟ್ಟಿಸಿದ ಆಸೆ ಸಣ್ಣದಾಗಿರಲಿಲ್ಲ, ಮತ್ತು ಯೋಜನೆಯನ್ನು ರೂಪಿಸಿದ ಎಂಜಿನಿಯರುಗಳ ನಿಷ್ಠೆಯನ್ನು ಸಂದೇಹಿಸಲು ಕಾರಣವೂ ಇಲ್ಲ. ಅವರ ಅಗತ್ಯಪಟ್ಟಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಕೇಳಬೇಕಾಗುತ್ತದೆ.

ಆ ಪಟ್ಟಿಯ ಹೆಸರು ಲೋಕಲೈಸೇಶನ್. ಯಾವ ಸರ್ವೆ ನಂಬರಿಗೆ ಯಾವ ಹಂಗಾಮಿನಲ್ಲಿ ನೀರು ಸಿಗಬೇಕು, ಅಲ್ಲಿ ಯಾವ ಬಗೆಯ ಬೆಳೆ ಬೆಳೆಯಬೇಕು ಎಂಬುದನ್ನು ಇಲಾಖೆಯೇ ಮೊದಲು ನಿರ್ಧರಿಸಿ ಗೊತ್ತುಪಡಿಸುವ ಕ್ರಮವಿದು. ಇದ್ದಷ್ಟು ನೀರನ್ನು ಆದಷ್ಟು ಹೆಚ್ಚು ಹಳ್ಳಿಗಳಿಗೆ ತೆಳುವಾಗಿ ಹಂಚಬೇಕೆಂಬ ನ್ಯಾಯವಾದ ಆಲೋಚನೆ ಅದರ ಹಿಂದಿದ್ದು, ಕಬ್ಬು, ಭತ್ತಗಳನ್ನು ದೂರವಿಟ್ಟು ಜೋಳ, ಗೋಧಿ, ಹತ್ತಿಯಂಥ ಅರೆಖುಷ್ಕಿ ಬೆಳೆಗಳಿಗೆ, ಎಂದರೆ ಕಡಿಮೆ ನೀರು ಸಾಕಾಗುವ ಬೆಳೆಗಳಿಗೆ, ಮಲಪ್ರಭೆಯ ಅಚ್ಚುಕಟ್ಟನ್ನು ಮೀಸಲಿಡಲಾಗಿತ್ತು. ಆದರೆ ಎರೆಯ ಒಕ್ಕಲಿಗನಿಗೆ ಗೊತ್ತಿದ್ದ ಎಷ್ಟೋ ಸಂಗತಿಗಳು ಆ ಲೆಕ್ಕದೊಳಗೆ ಬರಲಿಲ್ಲ. ಹಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಮಣ್ಣಿಗೆ ಹೆಚ್ಚು ನೀರು ಹಾಯಿಸಿದರೆ ಅದು ಬಸಿದುಹೋಗದೆ ಹೊಲ ಜವುಳಾಗುತ್ತದೆ, ಅಡಿಯ ಉಪ್ಪು ಮೇಲೆದ್ದು ಸವುಳಾಗುತ್ತದೆ; ಆದುದರಿಂದ ನೀರು ತರುವ ಕಾಲುವೆಯಷ್ಟೇ ನೀರು ಹೊರಹಾಕುವ ಬಸಿಗಾಲುವೆಯೂ ಮುಖ್ಯ. ಸರ್ಕಾರ ತೂಬಿನವರೆಗೆ ನೀರು ತಂದು ನಿಲ್ಲಿಸಿದರೆ, ಅಲ್ಲಿಂದ ಮುಂದೆ ಹೊಲಗಾಲುವೆ ತೋಡಿ, ಏರುತಗ್ಗಿನ ನೆಲವನ್ನು ಸಮ ಮಾಡುವ ವೆಚ್ಚ ರೈತನ ತಲೆಗೇ ಬರುತ್ತದೆ. ಸವುಳು ಬಾವಿಗಳ ಈ ನಾಡಿನ ಹೆಂಗಸರನ್ನು ಯಾರಾದರೂ ಕೇಳಿದ್ದರೆ, ಕಾಲುವೆಯ ನೀರು ಎಲ್ಲಕ್ಕಿಂತ ಮೊದಲು ಊರ ಕೆರೆ ತುಂಬಲಿ ಎಂಬ ಉತ್ತರ ಬರುತ್ತಿತ್ತೆಂದು ಊಹಿಸಬಹುದು. ಮುಂದೆ ಮಲಪ್ರಭೆಯ ಕಾಲುವೆಗಳಿಂದ ಹಳ್ಳಿಯ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸುವುದು ವಾಡಿಕೆಯಾದದ್ದನ್ನು ನೋಡಿದರೆ ಈ ಊಹೆ ಗಟ್ಟಿಯಾಗುತ್ತದೆ.

ಅಣೆಕಟ್ಟಿನ ಕೆಲಸಕ್ಕೂ ಹೊಲದ ಕೆಲಸಕ್ಕೂ ನಡುವೆ ಬಿದ್ದ ಈ ಕಂದಕವನ್ನು ಸರ್ಕಾರಗಳು ಕಾಣಲಿಲ್ಲವೆಂದು ಹೇಳುವಂತಿಲ್ಲ. 1970ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ದೇಶದ ದೊಡ್ಡ ನೀರಾವರಿ ಯೋಜನೆಗಳಿಗೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮವನ್ನು ತಂದಿತು. ಅದರಂತೆ ಮಲಪ್ರಭಾ ಮತ್ತು ಘಟಪ್ರಭಾ ಯೋಜನೆಗಳಿಗೆ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಕಾಡಾ ಎಂದು ಜನರ ಬಾಯಲ್ಲಿ ಪ್ರಸಿದ್ಧವಾದ ಪ್ರಾಧಿಕಾರ ರಚನೆಯಾಯಿತು. ನೀರಾವರಿ, ಕೃಷಿ, ಸಹಕಾರ ಇಲಾಖೆಗಳನ್ನು ಒಬ್ಬ ಆಡಳಿತಾಧಿಕಾರಿಯ ಕೈಕೆಳಗೆ ತಂದ ಈ ವ್ಯವಸ್ಥೆಯಲ್ಲಿ, ಇಂದಿನ ಅರ್ಥದ ಯೋಜನಾ ವ್ಯವಸ್ಥಾಪಕನಿಗೆ ಹತ್ತಿರದ ಹುದ್ದೆಯೊಂದು ಈ ಸೀಮೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಾಲುವೆಯ ನಕ್ಷೆ ಮುಗಿದು ಕಲ್ಲುಕಟ್ಟಡ ಎದ್ದ ಮೇಲೆ ಬಂದದ್ದೇ ಆ ಹುದ್ದೆಯ ದೊಡ್ಡ ಕೊರತೆ. ವಿನ್ಯಾಸಕ್ಕೆ ಮೊದಲು ಕೇಳಿದ ಪ್ರಶ್ನೆಗೆ ಬಂದ ಉತ್ತರ ವಿನ್ಯಾಸವನ್ನು ಬದಲಿಸಬಲ್ಲದು. ವಿನ್ಯಾಸ ಮುಗಿದ ಮೇಲೆ ಕೇಳಿದ ಪ್ರಶ್ನೆ ಎಷ್ಟೇ ಸಭ್ಯವಾಗಿದ್ದರೂ, ಆಗಲೇ ಆದ ನಿರ್ಧಾರಕ್ಕೆ ಒಪ್ಪಿಗೆ ಕೇಳಿದಂತೆ ಮಾತ್ರ ಆಗುತ್ತದೆ.

ಇದೇ ವರ್ಷಗಳಲ್ಲಿ ಹೊಲದ ಆರ್ಥಿಕತೆಯೂ ಬದಲಾಯಿತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಬಿ. ಎಚ್. ಕಟರಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಎಂಬ ಸಂಕರ ಹತ್ತಿ, ಉದ್ದನೆಯ ಎಳೆಯ ಅರಳೆಯಿಂದಾಗಿ ಒಳ್ಳೆಯ ಬೆಲೆ ತಂದು, ಕಾಲುವೆಯ ನೀರಿನೊಡನೆ ಎರೆಬಯಲನ್ನೆಲ್ಲ ವ್ಯಾಪಿಸಿತು. ಜಯಧರ ಹತ್ತಿಗೆ ಬೇಡವಾಗಿದ್ದ ಗೊಬ್ಬರ, ಔಷಧಿ ಮತ್ತು ಸಾಲ ವರಲಕ್ಷ್ಮಿಗೆ ಬೇಕಾದವು. ದಶಕದ ಕೊನೆಗೆ ಹತ್ತಿಯ ಧಾರಣೆ ಕುಸಿದಾಗ ಸಾಲ ಉಳಿಯಿತು, ಬೆಲೆ ಉಳಿಯಲಿಲ್ಲ. ಆ ಹೊತ್ತಿಗೇ ಎರಡು ಕರಗಳ ವಸೂಲಿಯ ಒತ್ತಡ ಬಂತು. ಒಂದು, ಬಳಸಿದ ನೀರಿಗೆ ಕೊಡಬೇಕಾದ ನೀರಿನ ಕರ. ಇನ್ನೊಂದು ಅಭಿವೃದ್ಧಿ ಕರ, ಅಂದರೆ ನೀರಾವರಿ ಬಂದುದರಿಂದ ಭೂಮಿಯ ಬೆಲೆ ಏರಿತೆಂದು ಭಾವಿಸಿ, ಆ ಏರಿಕೆಯಲ್ಲಿ ಒಂದು ಪಾಲನ್ನು ಸರ್ಕಾರ ಮರಳಿ ಪಡೆಯುವ ಕರ. ಇದಕ್ಕೆ 1957ರ ಒಂದು ಕಾಯ್ದೆ ಆಧಾರವಾಗಿತ್ತು. ನೀರು ಕೊನೆಯ ತೂಬಿಗೆ ತಲಪದ, ಇಲ್ಲವೆ ತಲಪಿ ಹೊಲವನ್ನು ಜವುಳು ಮಾಡಿದ ಕಡೆಗಳಲ್ಲಿ ಭೂಮಿಯ ಬೆಲೆ ಏರಿದೆಯೆಂಬ ನೋಟೀಸು ಓದಿದ ರೈತನ ಸಿಟ್ಟನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿಯ ಹೆಸರಿನಲ್ಲಿ ಕೂಡಿದ ರೈತರು ಬೇಡಿಕೆಗಳನ್ನು ಬರೆದು ಸರ್ಕಾರದ ಮುಂದಿಟ್ಟರು. ಅಭಿವೃದ್ಧಿ ಕರ ರದ್ದಾಗಬೇಕು, ನೀರಿನ ಕರ ಇಳಿಯಬೇಕು, ಹತ್ತಿಗೆ ನ್ಯಾಯವಾದ ಬೆಲೆ ಸಿಗಬೇಕು, ಬೇಸಾಯದ ಸಾಮಗ್ರಿಗಳ ದರ ಕಡಿಮೆಯಾಗಬೇಕು ಎಂಬ ಈ ಮಾತುಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಚಳವಳಿಯ ಬೇಡಿಕೆಗಳಾಗಿ ಓದುತ್ತಾರೆ, ಅದು ಸರಿಯೇ. ಆದರೆ ಕಾಲುವೆಯ ಚರಿತ್ರೆಯ ಕಡೆಯಿಂದ ನೋಡಿದರೆ, ಮಲಪ್ರಭಾ ಯೋಜನೆಗೆ ಅದರ ಪಾಲುದಾರರೇ ಸಿದ್ಧಪಡಿಸಿದ ಮೊದಲ ಅಗತ್ಯಪಟ್ಟಿ ಅದಾಗಿತ್ತು, ಮತ್ತು ಅದು ಅಣೆಕಟ್ಟು ಎದ್ದು ಹಲವು ವರ್ಷಗಳಾದ ಮೇಲೆ ಬಂತು. ಅದನ್ನು ಸ್ವೀಕರಿಸಿ, ಸಾಧ್ಯವಾದದ್ದು ಯಾವುದು, ಆಗದಿರುವುದು ಯಾವುದು, ಏಕೆ ಎಂದು ಎದುರು ಕುಳಿತು ಹೇಳಬಲ್ಲ ಅಧಿಕಾರವುಳ್ಳ ಒಬ್ಬ ಮನುಷ್ಯ ತಾಲ್ಲೂಕು ಮಟ್ಟದಲ್ಲಿ ಇರಲಿಲ್ಲ. ತಹಶೀಲ್ದಾರನಿಗೆ ವಸೂಲಿಯ ಅಧಿಕಾರವಿತ್ತು, ಕರವನ್ನು ಬದಲಿಸುವ ಅಧಿಕಾರವಿರಲಿಲ್ಲ. ಎಂಜಿನಿಯರಿಗೆ ತೂಬು ತೆರೆಯುವ ಅಧಿಕಾರವಿತ್ತು, ಬೆಲೆಯ ಮಾತಾಡುವ ಅಧಿಕಾರವಿರಲಿಲ್ಲ.

1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಬಂದ್ ನಡೆದು, ಸರ್ಕಾರಿ ಕಚೇರಿಗಳ ಮುಂದೆ ಸೇರಿದ ಜನ ಮತ್ತು ಪೊಲೀಸರ ನಡುವಿನ ತಿಕ್ಕಾಟ ಗೋಲಿಬಾರಿನಲ್ಲಿ ಕೊನೆಗೊಂಡಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ರೈತರ ಜೊತೆಗೆ ಪೊಲೀಸ್ ಸಿಬ್ಬಂದಿಯೂ ಸತ್ತರು. ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಸರ್ಕಾರ ಮುಂದೆ ರಿಯಾಯಿತಿಗಳನ್ನು ಘೋಷಿಸಿತಾದರೂ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿ, ಅದೇ ವರ್ಷ ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿ ಮುಂತಾದವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೆ ದಾರಿಯಾಯಿತು. ಜುಲೈ 21 ಇಂದಿಗೂ ಈ ಭಾಗದಲ್ಲಿ ರೈತ ಹುತಾತ್ಮ ದಿನ. ಕೇಳದೆ ಕಟ್ಟಿದ ಯೋಜನೆಗೆ ತೆತ್ತ ಬೆಲೆಯನ್ನು ರೂಪಾಯಿಗಳಲ್ಲಿ ಅಳೆಯಲಾಗದು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಕಾಲುವೆಯಿಲ್ಲದ ಕಡೆಗಳಲ್ಲಿಯೂ ಇದೇ ಪಾಠ ಬೇರೆ ರೂಪದಲ್ಲಿ ಬಂತು. ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ, ಹಳ್ಳಿಗಳ ಸಮುದಾಯ ಭೂಮಿಯಲ್ಲಿ ನೀಲಗಿರಿ ನೆಡಲು ಹೊರಟಾಗ, ಆ ಭೂಮಿಯಲ್ಲಿ ದನ ಮೇಯಿಸುವವರನ್ನೂ ಸೌದೆ ಆಯುವವರನ್ನೂ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಆಗ ಧಾರವಾಡ ಜಿಲ್ಲೆಯಲ್ಲಿದ್ದ, 1997ರ ವಿಭಜನೆಯ ಬಳಿಕ ಹಾವೇರಿಗೆ ಸೇರಿದ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯ ನೇತೃತ್ವದಲ್ಲಿ ನಡೆದ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಯಾವ ಗಿಡ ಬೇಡ ಎಂಬುದರ ಜೊತೆಗೆ ಯಾವ ಗಿಡ ಬೇಕು ಎಂಬುದನ್ನೂ ನೆಟ್ಟು ತೋರಿಸಿದ ಆ ಕ್ರಮದಲ್ಲಿ, ಪ್ರತಿಭಟನೆಯೂ ಅಗತ್ಯದ ಹೇಳಿಕೆಯೂ ಒಂದೇ ಕೆಲಸವಾಗಿ ಬೆರೆತಿದ್ದವು.

ಈ ಅನುಭವಗಳ ಕಾಲದಿಂದ ಕೇಳುವ ಕೆಲಸಕ್ಕೆ ಒಂದು ವಿಧಾನ, ಒಂದು ತರಬೇತಿ, ಒಂದು ಆಯವ್ಯಯ ಒದಗಿದವು. ಧಾರವಾಡದಲ್ಲಿ ನೆಲೆಗೊಂಡ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಜನ ವಾಲ್ಮಿ ಎಂದು ಕರೆಯುವ ಸಂಸ್ಥೆ, ಎಂಜಿನಿಯರುಗಳಿಗೂ ರೈತರಿಗೂ ಒಟ್ಟಿಗೆ ತರಬೇತಿ ಕೊಡತೊಡಗಿತು; ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೈಫ್ ಎಂಬ ಸ್ವಯಂಸೇವಾ ಸಂಸ್ಥೆ ಸಣ್ಣ ರೈತರ ಹೊಲಗಳಲ್ಲಿ ಬದು, ಹೊಂಡ, ಹಣ್ಣಿನ ಗಿಡ ಮತ್ತು ಕಾಡುಗಿಡಗಳನ್ನು ಕೂಡಿಸುವ ಕೆಲಸ ಮಾಡಿತು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಿಂದ ಗ್ರಾಮಸಭೆಯ ಕಾನೂನಿನ ಸ್ಥಾನ ಗಟ್ಟಿಯಾಯಿತು. 2001ರಿಂದ 2009ರವರೆಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಧಾರವಾಡವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಜಲಾನಯನವೆಂದರೆ ಬಿದ್ದ ಮಳೆಯೆಲ್ಲ ಹರಿದು ಒಂದೇ ಹಳ್ಳಕ್ಕೆ ಸೇರುವ ಭೂಭಾಗ. ಅಂಥ ಭೂಭಾಗದ ಊರುಗಳಲ್ಲಿ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರು ಮೊದಲು ಜನರನ್ನು ಕೂಡಿಸಿ, ಗುಡಿಯ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿ, ಕಲ್ಲು, ಕಾಳುಗಳಿಂದ ಊರಿನ ನಕ್ಷೆಯನ್ನು ಅವರಿಂದಲೇ ಬರೆಸುತ್ತಿದ್ದರು. ಸಹಭಾಗಿ ಗ್ರಾಮೀಣ ಸಮೀಕ್ಷೆ ಎಂಬ ಈ ವಿಧಾನದಲ್ಲಿ ಯಾವ ತಿಂಗಳು ಕೆಲಸವಿಲ್ಲ, ಯಾವ ತಿಂಗಳು ಮೇವಿಲ್ಲ, ಯಾವ ಮನೆಗೆ ಹೊಲವಿಲ್ಲ ಎಂಬುದು ನೆಲದ ಮೇಲೆಯೇ ಗೋಚರವಾಗುತ್ತಿತ್ತು. ಆ ಬಳಿಕ ಪ್ರದೇಶ ಗುಂಪುಗಳಲ್ಲಿ ಚರ್ಚಿಸಿ, ಪ್ರತಿ ಹೊಲಕ್ಕೆ ಯಾವ ಕಾಮಗಾರಿ ಬೇಕು, ರೈತ ಎಷ್ಟು ವಂತಿಗೆ ಕೊಡುತ್ತಾನೆ ಎಂಬುದನ್ನು ಬರೆದು ಕ್ರಿಯಾಯೋಜನೆ ಸಿದ್ಧವಾಗುತ್ತಿತ್ತು. ವಂತಿಗೆಯ ಈ ನಿಯಮವನ್ನು ಕೆಲವರು ಬಡವರ ಮೇಲಿನ ಹೊರೆಯೆಂದು ಟೀಕಿಸಿದ್ದಾರೆ. ಆದರೆ ತನ್ನ ಹಣ ಹಾಕಬೇಕಾದವನು ತನಗೆ ಬೇಡದ ಕಾಮಗಾರಿಗೆ ಒಪ್ಪುವುದಿಲ್ಲವಾದ್ದರಿಂದ, ಕೇಳಿದ್ದಕ್ಕೆ ಬಂದ ಉತ್ತರ ನಿಜವೋ ಸೌಜನ್ಯದ್ದೋ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಉಪಾಯ ಕಾಣುವುದಿಲ್ಲ.

ಅದೇ ದಶಕದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ನಡೆದ ಜಲ ನಿರ್ಮಲ ಯೋಜನೆ ಕುಡಿಯುವ ನೀರಿಗೂ ಇದೇ ಕ್ರಮವನ್ನು ತಂದು, ಊರ ಸಮಿತಿಗಳಲ್ಲಿ ಹೆಂಗಸರಿಗೆ ಸ್ಥಾನ ಕೊಟ್ಟಿತು. ಗಂಡಸರ ಸಭೆಯಲ್ಲಿ ಒಡ್ಡು, ಹೊಂಡ, ರಸ್ತೆಗಳ ಮಾತು ಮೊದಲು ಬಂದರೆ, ಹೆಂಗಸರ ಸಭೆಯಲ್ಲಿ ನೀರಿನ ದೂರ, ಸೌದೆ, ಶೌಚಾಲಯ ಮತ್ತು ಕೂಲಿಯ ಮಾತು ಮೊದಲು ಬರುತ್ತದೆಂಬುದು ಇಂಥ ಕೆಲಸ ಮಾಡಿದವರೆಲ್ಲರ ಸಾಮಾನ್ಯ ಅನುಭವ. ಆದುದರಿಂದಲೇ ಎರಡು ಸಭೆಗಳನ್ನು ಬೇರೆಬೇರೆಯಾಗಿ ಕರೆದು, ಎರಡು ಪಟ್ಟಿಗಳನ್ನು ಊರಿನ ಮುಂದೆ ಒಟ್ಟಿಗೆ ಓದುವುದು ವ್ಯವಸ್ಥಾಪಕನ ಕೌಶಲದ ಒಂದು ಭಾಗವಾಯಿತು. ಹಳೆಯ ದೈವದ ಕೂಟದಲ್ಲಿ ಇಲ್ಲದಿದ್ದ ದನಿಗಳಿಗೆ ಹೀಗೆ ದಾಖಲೆಯಲ್ಲಿ ಜಾಗ ಸಿಕ್ಕಿತು. ಗ್ರಾಮಸಭೆಯ ನಡಾವಳಿಯನ್ನು ಸಭೆ ಸೇರದೆಯೇ ಬರೆಯುವ, ಹಾಜರಿ ಪುಸ್ತಕವನ್ನು ಮನೆಮನೆಗೆ ಒಯ್ದು ರುಜು ಹಾಕಿಸುವ ಚಾಳಿ ಈ ಲಾಭವನ್ನು ತಿಂದುಹಾಕುತ್ತದೆ. ಅದನ್ನು ತಡೆಯುವ ಬಲ ಕಾಯ್ದೆಗಿಂತ ಹೆಚ್ಚಾಗಿ ಕೇಳುವವನ ಪ್ರಾಮಾಣಿಕತೆಗೇ ಇದೆ.

ಕಾಲುವೆಯ ಆಡಳಿತದಲ್ಲಿ ಬದಲಾವಣೆ ನಿಧಾನವಾಗಿ ಬಂತು. 2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ಆದ ತಿದ್ದುಪಡಿಯ ನಂತರ ನೀರು ಬಳಕೆದಾರರ ಸಹಕಾರ ಸಂಘಗಳು ರಚನೆಯಾಗಿ, ತೂಬಿನ ಕೆಳಗಿನ ಹಂಚಿಕೆಯನ್ನು ರೈತರೇ ನಿರ್ವಹಿಸುವ ವ್ಯವಸ್ಥೆಗೆ ಕಾನೂನು ದೊರೆಯಿತು. ಆದರೆ ಜಲಾಶಯ ತುಂಬದ ವರ್ಷಗಳು ಮೇಲಿಂದ ಮೇಲೆ ಬರುವ ಮಲಪ್ರಭೆಯಲ್ಲಿ, ಹಂಚುವ ಅಧಿಕಾರವಿದ್ದರೂ ಹಂಚಲು ನೀರಿಲ್ಲದ ಸಂಘ ಹೆಸರಿಗಷ್ಟೇ ಉಳಿಯುತ್ತದೆ, ಕಾಲುವೆಯ ಕೊನೆಯಂಚಿನ ನವಲಗುಂದ, ಅಣ್ಣಿಗೇರಿಯ ಊರುಗಳಿಗೆ ಈ ನೋವು ಹೆಚ್ಚು. ಗೋವೆಯ ಕಡೆಗೆ ಹರಿಯುವ ಮಹದಾಯಿ ನದಿಯ ಕಣಿವೆಯ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಕೂಗು ಈ ಕೊರತೆಯಿಂದಲೇ ಬಲ ಪಡೆಯಿತು. 2010ರಲ್ಲಿ ರಚನೆಯಾದ ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ ದೊರೆತ 13.42 ಟಿಎಂಸಿಯಲ್ಲಿ, ಮಲಪ್ರಭೆಗೆ ತಿರುಗಿಸಲು ಒಪ್ಪಿದ ಪಾಲು ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18 ಟಿಎಂಸಿ. ತೀರ್ಪಿಗೂ ಮುನ್ನ, 2015ರಲ್ಲಿ ನರಗುಂದದಲ್ಲಿ ಆರಂಭವಾಗಿ ನವಲಗುಂದ, ಅಣ್ಣಿಗೇರಿಗಳಿಗೆ ಹಬ್ಬಿದ ಧರಣಿಗಳಲ್ಲಿ ಕೂತವರ ಬೇಡಿಕೆಯೂ ಈ ನೀರೇ ಆಗಿತ್ತು. ಮಲಪ್ರಭೆಯ ಮೊದಲ ಯೋಜನೆಯಲ್ಲಿ ಇಲಾಖೆ ಪಟ್ಟಿ ಬರೆದು ಜನರಿಗೆ ತಿಳಿಸಿತ್ತು. ಈ ಎರಡನೆಯದರಲ್ಲಿ ಜನರೇ ಪಟ್ಟಿ ಬರೆದು ಇಲಾಖೆಯ ಮುಂದಿಟ್ಟಿದ್ದಾರೆ, ಕುಡಿಯುವ ನೀರನ್ನು ಅದರ ಮೊದಲ ಸಾಲಿನಲ್ಲಿ ಇಟ್ಟಿದ್ದಾರೆ. ತಿರುವಿನ ಮೇಲ್ಭಾಗದ ಖಾನಾಪುರ ಕಾಡಿನ ಹಳ್ಳಿಗಳ, ಗಡಿಯಾಚೆಯ ಗೋವೆಯ ಜನರ ಮಾತು ಅದೇ ಪಟ್ಟಿಯಲ್ಲಿ ಇನ್ನೂ ಕೂಡಬೇಕಾಗಿದೆ.